ನರ ನಿಗಾ ಇರುವ ಬೆನ್ನುಮೂಳೆ ಶಸ್ತ್ರಚಿಕಿತ್ಸೆ: ಅರಿವಳಿಕೆಯ ಆಯ್ಕೆ ಹೇಗೆ?

ಸ್ಕೋಲಿಯೋಸಿಸ್‌ನಿಂದ ಬಾಗಿದ ಬೆನ್ನುಮೂಳೆಯನ್ನು ಸ್ಕ್ರೂ, ಸರಳುಗಳಿಂದ ನೇರಗೊಳಿಸುವಾಗ ಬೆನ್ನುಹುರಿ ಎಳೆದಂತಾಗಿ ಅಥವಾ ಅದಕ್ಕೆ ರಕ್ತ ಸಾಲದೆ ಕಾಲುಗಳ ಶಕ್ತಿ ಕುಂದುವ ಅಪಾಯವಿದೆ. 1973ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ವಿಧಾನದಲ್ಲಿ ರೋಗಿಯನ್ನು ಶಸ್ತ್ರಚಿಕಿತ್ಸೆಯ ನಡುವೆಯೇ ಎಚ್ಚರಿಸಿ, ಕಾಲು ಆಡಿಸುವಂತೆ ಹೇಳಿ ಇದನ್ನು ಪರೀಕ್ಷಿಸುತ್ತಿದ್ದರು. ಈಗ ತಲೆಯ ಮೇಲಿನಿಂದ ವಿದ್ಯುತ್ ಪ್ರಚೋದನೆ ಕೊಟ್ಟು ಕಾಲಿನ ಸ್ನಾಯುಗಳ ಪ್ರತಿಕ್ರಿಯೆಯನ್ನು ದಾಖಲಿಸುತ್ತೇವೆ. ಕಾಲಿನ ನರವನ್ನು ಪ್ರಚೋದಿಸಿ ನೆತ್ತಿಯಲ್ಲಿ ಸಂವೇದನೆಯ ಅಲೆಯನ್ನೂ ನೋಡುತ್ತೇವೆ.

ತೊಡಕೆಂದರೆ, ನಾವು ಕೊಡುವ ಔಷಧವೇ ಈ ಸಂಕೇತಗಳನ್ನು ಅಳಿಸಬಲ್ಲದು. ಸೆವೊಫ್ಲೂರೇನ್‌ನಂತಹ ಉಸಿರಿನ ಮೂಲಕ ಕೊಡುವ ಅರಿವಳಿಕೆಗಳ ಪ್ರಮಾಣ ಏರಿದಷ್ಟೂ ಸ್ನಾಯುವಿನ ಸಂಕೇತ ಕುಗ್ಗುತ್ತದೆ. ನೈಟ್ರಸ್ ಆಕ್ಸೈಡ್ ಅನಿಲ ಸೇರಿದರೆ ಇನ್ನಷ್ಟು. ಆದ್ದರಿಂದ ನಿದ್ರೆ ತರಿಸುವ ಪ್ರೊಪೊಫಾಲ್ ಮತ್ತು ನೋವು ತಡೆಯುವ ಫೆಂಟನಿಲ್ ಅಥವಾ ರೆಮಿಫೆಂಟನಿಲ್ ಅನ್ನು ರಕ್ತನಾಳದ ಮೂಲಕ ಪಂಪಿನಲ್ಲಿ ನಿರಂತರವಾಗಿ ಕೊಡುವ ಕ್ರಮವನ್ನೇ ನಾನು ಆರಿಸಿಕೊಳ್ಳುತ್ತೇನೆ. ಕೆಟಮಿನ್ ಎಂಬ ಮತ್ತೊಂದು ಅರಿವಳಿಕೆಯನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದರೆ ಪ್ರೊಪೊಫಾಲ್ ಕಡಿಮೆ ಸಾಕಾಗುತ್ತದೆ, ಸಂಕೇತಕ್ಕೂ ಧಕ್ಕೆಯಿಲ್ಲ. ಸ್ನಾಯು ಸಡಿಲಿಸುವ ಔಷಧವನ್ನು ಉಸಿರಾಟದ ನಳಿಕೆ ಹಾಕುವಾಗ ಒಮ್ಮೆ ಕೊಟ್ಟು ಮತ್ತೆ ಕೊಡುವುದಿಲ್ಲ. ಅದರ ಪ್ರಭಾವ ಇಳಿದ ಮೇಲೆಯೇ ಆರಂಭಿಕ ಸಂಕೇತವನ್ನು ದಾಖಲಿಸಬೇಕು. ಸಡಿಲಿಕೆ ಇಲ್ಲದ ಕಾರಣ ನಿದ್ರೆಯ ಆಳ ಸಾಲದಿದ್ದರೆ ರೋಗಿ ಮೇಜಿನ ಮೇಲೆ ಅಲುಗಾಡಬಹುದು. ಹಾಗಾಗಿ ಮೆದುಳಿನ ಅಲೆ ತೋರಿಸುವ ಮಾನಿಟರನ್ನು ನಾನು ತಪ್ಪಿಸುವುದಿಲ್ಲ.

ಔಷಧದ ಆಯ್ಕೆಗಿಂತಲೂ ಸ್ಥಿರತೆ ನನಗೆ ಹೆಚ್ಚು ಮುಖ್ಯ. ಸರಳು ಕೂರಿಸುವ ಹೊತ್ತಿನಲ್ಲಿ ಪ್ರೊಪೊಫಾಲ್ ಅನ್ನು ಒಮ್ಮೆಲೇ ಹೆಚ್ಚಿಸಿದರೆ, ಸಂಕೇತ ಕುಸಿದದ್ದು ಔಷಧದಿಂದಲೋ ಸರಳಿನಿಂದಲೋ ಎಂದು ಯಾರೂ ಹೇಳಲಾರರು. ಹದಿನಾಲ್ಕರ ಬಾಲಕಿಯೊಬ್ಬಳ ಬೆನ್ನನ್ನು ನೇರಗೊಳಿಸಿದ ಕೂಡಲೇ ಎರಡೂ ಕಾಲುಗಳ ಸಂಕೇತ ಅರ್ಧಕ್ಕಿಂತ ಕೆಳಗಿಳಿಯಿತು. ಪಂಪಿನ ವೇಗ ಬದಲಾಗಿರಲಿಲ್ಲ, ಮೈ ಬೆಚ್ಚಗಿತ್ತು, ಸರಾಸರಿ ರಕ್ತದೊತ್ತಡ ಮಾತ್ರ ಕಡಿಮೆ, 58 mmHg ಇತ್ತು. ಶಸ್ತ್ರಚಿಕಿತ್ಸಕರು ಕೈ ತಡೆದು ಎಳೆತವನ್ನು ಸಡಿಲಿಸಿದರು, ನಾನು ಒತ್ತಡವನ್ನು 85ಕ್ಕೆ ಏರಿಸಿದೆ. ಕೆಲವೇ ನಿಮಿಷಗಳಲ್ಲಿ ಅಲೆಗಳು ಮರಳಿದವು.

ಇನ್ನು ಬಾಯಿ. ಪ್ರಚೋದನೆ ಕೊಟ್ಟಾಗಲೆಲ್ಲ ದವಡೆ ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ನಾಲಗೆ ಸೀಳುವುದುಂಟು. ಎರಡೂ ಬದಿಯ ದವಡೆ ಹಲ್ಲುಗಳ ನಡುವೆ ಹತ್ತಿಬಟ್ಟೆಯ (ಗಾಜ್) ಮೆತ್ತನೆಯ ಸುರುಳಿ ಇಟ್ಟು, ರೋಗಿಯನ್ನು ಬೋರಲು ಮಲಗಿಸಿದ ನಂತರ ನಾಲಗೆ ಹಲ್ಲಿನೊಳಗೇ ಇದೆಯೇ ಎಂದು ಬೆರಳು ಹಾಕಿ ಮತ್ತೊಮ್ಮೆ ನೋಡುತ್ತೇನೆ.