ಹೆರಿಗೆಯ ನೋವು ಒಂದೇ ಬಗೆಯದಲ್ಲ

ಹೆರಿಗೆಯ ಮೊದಲ ಗಂಟೆಗಳಲ್ಲಿ ಸೊಂಟ ಮುರಿದುಹೋಗುತ್ತಿದೆ ಎಂದು ಒದ್ದಾಡುವ ಹೆಚ್ಚಿನವರ ಸೊಂಟಕ್ಕೆ ಏನೂ ಆಗಿರುವುದಿಲ್ಲ. ಕೆಲಸ ನಡೆಯುತ್ತಿರುವುದು ಗರ್ಭಕೋಶದಲ್ಲಿ. ಅದರ ಸ್ನಾಯು ಮತ್ತೆ ಮತ್ತೆ ಬಿಗಿದು, ಗರ್ಭಕೋಶದ ಬಾಯಿ ಸುಮಾರು 10 ಸೆಂಟಿಮೀಟರಿನವರೆಗೆ ತೆರೆದುಕೊಳ್ಳಬೇಕು. ಆ ಸುದ್ದಿ ಹೊತ್ತ ನರಗಳು ಬೆನ್ನುಹುರಿಯನ್ನು ಸೇರುವ ಜಾಗಕ್ಕೇ ಕಿಬ್ಬೊಟ್ಟೆ ಮತ್ತು ಸೊಂಟದ ಚರ್ಮದ ನರಗಳೂ ಬಂದು ಸೇರುತ್ತವೆ. ಒಳಗಿನ ಅಂಗಗಳಿಂದ ಸುದ್ದಿ ಪಡೆಯುವ ರೂಢಿ ಮಿದುಳಿಗೆ ಕಡಿಮೆ. ಬಂದ ನೋವನ್ನೆಲ್ಲ ಸೊಂಟದ ಲೆಕ್ಕಕ್ಕೆ ಬರೆದುಬಿಡುತ್ತದೆ. ಹಾಗಾಗಿಯೇ ಅದು ಬೆರಳಿಟ್ಟು ತೋರಿಸಲಾಗದ, ಹರಡಿಕೊಂಡ ನೋವು.

ಮಗುವಿನ ತಲೆ ಕೆಳಗಿಳಿದು ಮುಕ್ಕುವ ಹಂತ ಬಂದಾಗ ಕಥೆ ಬದಲಾಗುತ್ತದೆ. ಈಗ ಹಿಗ್ಗುವುದು ಯೋನಿ ಮತ್ತು ಅದರ ಸುತ್ತಲಿನ ಚರ್ಮ, ಸ್ನಾಯು. ಇವುಗಳ ನರಗಳು ಬೆನ್ನುಹುರಿಯ ಇನ್ನೂ ಕೆಳಗಿನ ಭಾಗವನ್ನು ಸೇರುತ್ತವೆ. ನೋವು ಹರಿತವಾಗುತ್ತದೆ, ಉರಿಯುತ್ತದೆ, ಇಲ್ಲೇ ಎಂದು ಹೇಳುವಷ್ಟು ಸ್ಪಷ್ಟವಾಗಿರುತ್ತದೆ. ಮೊದಲ ಹಂತದಲ್ಲಿ ಒದಗಿದ ಉಪಾಯ ಎರಡನೆಯದರಲ್ಲಿ ಕೈಕೊಟ್ಟರೆ ಅಚ್ಚರಿಯಿಲ್ಲ.

ಎರಡಕ್ಕೂ ಸಮಾನವಾದದ್ದು ಬಿಟ್ಟು ಬಿಟ್ಟು ಬರುವ ಲಯ. ನೋವು ಬಲಿತ ಮೇಲೆ ಒಂದೊಂದು ಸಂಕೋಚನವೂ ಹೆಚ್ಚುಕಡಿಮೆ ಒಂದು ನಿಮಿಷ ಇರುತ್ತದೆ, ನಡುವೆ ಎರಡು ಮೂರು ನಿಮಿಷ ಬಿಡುವು. ಸ್ನಾಯು ಬಿಗಿದಾಗ ಅದರೊಳಗಿನ ರಕ್ತನಾಳಗಳೂ ಅದುಮಿಕೊಳ್ಳುತ್ತವೆ. ಸಡಿಲವಾದಾಗ ಮಗುವಿನ ಕಡೆಗೆ ರಕ್ತ ಮತ್ತೆ ಸರಾಗವಾಗಿ ಹರಿಯುತ್ತದೆ. ನೋವು ತಗ್ಗಿಸುವವರೂ ಈ ಲಯಕ್ಕೇ ಕಾಲ ಹೊಂದಿಸಬೇಕು. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ ಬೆರೆಸಿದ ಅನಿಲವನ್ನೇ ನೋಡಿ. ಎಳೆದುಕೊಂಡ ಮೇಲೆ ಪರಿಣಾಮ ಕಾಣಲು ಸುಮಾರು ಅರ್ಧ ನಿಮಿಷ ಬೇಕು. ಹೊಟ್ಟೆ ಬಿಗಿಯಲು ಶುರುವಾದ ಕೂಡಲೇ ಉಸಿರೆಳೆದುಕೊಂಡರೆ ನೋವು ಏರುವ ಹೊತ್ತಿಗೆ ಮಂಪರು ಸಿದ್ಧ. ನೋವು ತುದಿಗೇರಿದ ಮೇಲೆ ಮಾಸ್ಕಿಗೆ ಕೈಹಾಕಿದರೆ, ನೋವು ಇಳಿದ ಮೇಲೆ ಮಂಪರು. ಮಾಸ್ಕನ್ನು ಹೆರುವಾಕೆಯೇ ಹಿಡಿದುಕೊಳ್ಳುತ್ತಾಳೆ. ಅಮಲು ಹೆಚ್ಚಾದರೆ ಕೈ ತಾನಾಗಿ ಜಾರುತ್ತದೆ, ಅನಿಲ ನಿಲ್ಲುತ್ತದೆ. ಇಷ್ಟು ಸರಳವಾದ ಸುರಕ್ಷಾ ಉಪಾಯ ವೈದ್ಯಕೀಯದಲ್ಲಿ ಅಪರೂಪ.

ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಇನ್ನಷ್ಟು ಭಯ ಎಂದು 1930ರ ದಶಕದಲ್ಲಿ ವಾದಿಸಿದವರು ಬ್ರಿಟನ್ನಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದ ಎಷ್ಟೋ ತಾಯಂದಿರು, ಕಿರುಚಿದ್ದೇ ತಮ್ಮ ಸೋಲು ಎಂದು ಕೊರಗಿದ್ದಾರೆ. ಧೈರ್ಯವಂತೆಯ ಅಂಗಾಂಶವೂ ಹಿಗ್ಗಿದರೆ ನೋಯುತ್ತದೆ. ಆದರೆ ಜೊತೆಗೊಬ್ಬರು ಇರುವುದರ ಲಾಭ ಬರೀ ಮಾತಲ್ಲ. 15,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 26 ಪ್ರಯೋಗಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರಿದ್ದವರಿಗೆ ನೋವಿನ ಔಷಧಿಯೂ ಸಿಸೇರಿಯನ್ನೂ ಕಡಿಮೆ ಬೇಕಾಗಿದ್ದುದು ಕಂಡಿತು. ಮೊದಲ ಹಂತದಲ್ಲಿ ಮಲಗಿಯೇ ಇರದೆ ಓಡಾಡುವುದು, ಬೆಚ್ಚನೆಯ ನೀರಿನಲ್ಲಿ ಕೂರುವುದು, ಸೊಂಟದ ಕೆಳಭಾಗವನ್ನು ಅಂಗೈಯ ಬುಡದಿಂದ ಗಟ್ಟಿಯಾಗಿ ಒತ್ತಿಸಿಕೊಳ್ಳುವುದು, ಇವೂ ಅನೇಕರಿಗೆ ಒದಗುತ್ತವೆ. ಒತ್ತಡದ ಸಂವೇದನೆ ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಡೆಯಬಲ್ಲದೆಂದು ನೋವನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಿವರಿಸಿದ್ದರು.

ಇವೆಲ್ಲ ಸಾಲದಾದಾಗ ಎಪಿಡ್ಯೂರಲ್, ಅಂದರೆ ಬೆನ್ನಿನ ಮೂಲಕ ಕೊಡುವ ನೋವು ನಿವಾರಕ. ಆಕೆ ಬೆನ್ನು ಬಾಗಿಸಿ ಕೂರುತ್ತಾಳೆ, ಇಲ್ಲವೇ ಮಗ್ಗುಲಾಗಿ ಮಲಗುತ್ತಾಳೆ. ಚರ್ಮವನ್ನು ಮರಗಟ್ಟಿಸಿ, ಸೊಂಟದ ಮಟ್ಟದಲ್ಲಿ ಬೆನ್ನೆಲುಬಿನ ಎರಡು ಮೂಳೆಗಳ ನಡುವೆ ಸೂಜಿ ತೂರಿಸಿ, ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗ ತಲುಪುತ್ತಾರೆ. ಸೂಜಿ ಹೊರಬರುತ್ತದೆ, ಎಳೆಯಂಥ ಕೊಳವೆ ಒಳಗುಳಿಯುತ್ತದೆ. ಅದರ ಮೂಲಕ ಹೋಗುವ ಔಷಧಿ ಎರಡೂ ಬಗೆಯ ನೋವನ್ನು ತಡೆಯಬಲ್ಲದು. ರಕ್ತದೊತ್ತಡ ಇಳಿಯಬಹುದು, ತುರಿಕೆ ಬರಬಹುದು, ಮುಕ್ಕುವ ಹಂತ ತುಸು ಉದ್ದವಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಜೋರು ತಲೆನೋವು ಕಾಡುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಎಪಿಡ್ಯೂರಲ್‌ನಿಂದ ಜೀವನಪೂರ್ತಿ ಬೆನ್ನುನೋವು, ಸಿಸೇರಿಯನ್ ಗ್ಯಾರಂಟಿ ಎಂಬ ಮಾತುಗಳಿಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಫೀಮಿನ ಬಗೆಯ ನೋವು ನಿವಾರಕವಾದ ಪೆಥಿಡಿನ್ ಚುಚ್ಚುಮದ್ದು ಸುಲಭ, ಅಗ್ಗ. ಆದರೆ ಮಾಸನ್ನು ದಾಟಿ ಮಗುವನ್ನೂ ತಲುಪುತ್ತದೆ, ಹುಟ್ಟಿದ ಮಗುವಿನ ಉಸಿರಾಟ ಮಂದವಾಗಬಹುದು.

ನೋವು ಸಹಜ, ಸಹಿಸಿಕೊಳ್ಳಲಿ ಎಂಬ ಉಪದೇಶ ಹಳೆಯದು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಅರಿವಳಿಕೆಯಾಗಿ ಈಥರ್, ಆಮೇಲೆ ಕ್ಲೋರೋಫಾರ್ಮ್ ಬಳಸಿದಾಗಲೂ ಆಕ್ಷೇಪಗಳೆದ್ದವು. 1853ರಲ್ಲಿ ಬ್ರಿಟನ್ನಿನ ವಿಕ್ಟೋರಿಯಾ ರಾಣಿ ವೈದ್ಯ ಜಾನ್ ಸ್ನೋ ಕೈಯಿಂದ ಕ್ಲೋರೋಫಾರ್ಮ್ ಪಡೆದು ಹೆತ್ತ ಮೇಲೆ ಅದಕ್ಕೆ ಮರ್ಯಾದೆ ಬಂತು. ಉಳಿದವರ ನೋವಿಗೆ ಮನ್ನಣೆ ಸಿಗಲು ರಾಣಿಯೊಬ್ಬಳು ನೋಯುವವರೆಗೆ ಕಾಯಬೇಕಾಯಿತು.

ಹಾಗೆಂದು ಎಲ್ಲ ನೋವನ್ನೂ ಹೆರಿಗೆ ನೋವೆಂದೇ ಎಣಿಸಬಾರದು. ಹೊಟ್ಟೆ ಸಡಿಲವಾಗದೆ ಕಲ್ಲಿನಂತೆ ಗಟ್ಟಿಯಾಗಿದ್ದು, ಬಿಡುವೇ ಇಲ್ಲದೆ ನೋಯುತ್ತಿದ್ದರೆ, ಅದರ ಜೊತೆ ರಕ್ತ ಹೋದರಂತೂ, ಮಾಸು ಮೊದಲೇ ಕಳಚಿಕೊಳ್ಳುತ್ತಿರಬಹುದು. ರಕ್ತ ಒಳಗೇ ನಿಂತು ಹೊರಗೆ ಕಾಣದಿರುವುದೂ ಉಂಟು. ಅಂಥ ಹೊತ್ತಿನಲ್ಲಿ ಸೊಂಟ ಒತ್ತುತ್ತ ಕೂರದೆ ತಕ್ಷಣ ವೈದ್ಯರನ್ನು ಕರೆಯಬೇಕು.