ನಿದ್ರಾಹೀನತೆ: ಸೇದುವವರ ಬಾಯಲ್ಲಿ ದಾರಿ ತಪ್ಪಿದ ಪದ

"ನನಗೆ ನಿದ್ರಾಹೀನತೆ ಗಿದ್ರಾಹೀನತೆ ಏನೂ ಇಲ್ಲಪ್ಪ. ದಿಂಬಿಗೆ ತಲೆ ಕೊಟ್ಟರೆ ನಿದ್ದೆ. 3 ಗಂಟೆಗೆ ಎಚ್ಚರ ಆಗುತ್ತೆ, ಅಷ್ಟೇ. ಎದ್ದು ಒಂದು ಸಿಗರೇಟ್ ಸೇದಿದರೆ ಮತ್ತೆ ಬರುತ್ತೆ." ಐವತ್ತರ ಹತ್ತಿರ ಇರುವವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಇನ್ನೊಂದು ಕಡೆ, ರಾತ್ರಿ 2ರವರೆಗೆ ಮೊಬೈಲ್ ನೋಡುತ್ತಾ ಕೂರುವ ಹುಡುಗರಿಗೆ ನಿದ್ರಾಹೀನತೆ ಕಾಡುತ್ತಿದೆ ಅಂತ ಪತ್ರಿಕೆಯವರು ತಲೆಬರಹ ಕೊಡುತ್ತಾರೆ. ಕಾಯಿಲೆ ಇರುವವರು ಇಲ್ಲ ಅನ್ನುತ್ತಾರೆ, ಇಲ್ಲದವರಿಗೆ ಇದೆ ಅಂತ ಬರೆಯುತ್ತಾರೆ. ಒಂದು ಪದವನ್ನು ಇಷ್ಟು ಸಡಿಲವಾಗಿ ಬಳಸಿದರೆ ಅದರಿಂದ ಪ್ರಯೋಜನವೇನು?

ಗೊಂದಲ ಇರುವುದು 'ಹೀನ'ದಲ್ಲಿ. ಸಂಸ್ಕೃತದ 'ಹಾ' ಧಾತುವಿನಿಂದ ಬಂದ ಪದ ಅದು. ಹಾ ಅಂದರೆ ಬಿಡು, ತೊರೆ. ಹಾಗಾಗಿ ಹೀನ ಅಂದರೆ ಬಿಟ್ಟುಹೋದದ್ದು, ಇಲ್ಲದ್ದು. ಆದರೆ ಕಡಿಮೆಯಾದದ್ದು, ಕೀಳಾದದ್ದು ಅನ್ನುವ ಅರ್ಥವೂ ಅದಕ್ಕಿದೆ. 'ಬುದ್ಧಿಹೀನ' ಅಂದರೆ ಬುದ್ಧಿಯೇ ಇಲ್ಲದವನು. 'ಹೀನಬುದ್ಧಿ' ಅಂದರೆ ಬುದ್ಧಿ ಇದೆ, ಆದರೆ ಕೆಟ್ಟದ್ದು. ನಿದ್ರಾಹೀನತೆಯಲ್ಲಿ ಹೀನ ಆಮೇಲೆ ಬಂದಿದೆಯಲ್ಲ, ಕೇಳಿದವರಿಗೆ ಸಹಜವಾಗಿ 'ನಿದ್ದೆಯೇ ಇಲ್ಲ' ಅಂತ ಅನಿಸುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಇನ್ಸೋಮ್ನಿಯ ಕೂಡ ಹಾಗೇ. ಲ್ಯಾಟಿನ್‌ನಲ್ಲಿ 'ಸೋಮ್ನುಸ್' ಅಂದರೆ ನಿದ್ದೆ, ಮುಂದಿರುವ 'ಇನ್' ಅಂದರೆ ಇಲ್ಲ. ಆಯುರ್ವೇದದವರ 'ನಿದ್ರಾನಾಶ'ವೂ ಪೂರ್ತಿ ಹೋಯಿತು ಅನ್ನುವ ಕಡೆಗೇ ವಾಲುತ್ತದೆ. ವೈದ್ಯರ ಅರ್ಥ ಮಾತ್ರ ಹೀನಬುದ್ಧಿಯ ಹೀನಕ್ಕೆ ಹತ್ತಿರ. ನಿದ್ದೆ ಇದೆ, ಕೆಟ್ಟಿದೆ. ರಾತ್ರಿ 5 ಗಂಟೆ ಹೊತ್ತು ನಿದ್ದೆ ಮಾಡುವವರಿಗೂ ನಿದ್ರಾಹೀನತೆ ಇರಬಹುದು, ಜೋರಾಗಿಯೇ ಇರಬಹುದು.

ಹಾಗಾದರೆ ಮೊಬೈಲ್ ಹುಡುಗರದ್ದೇನು? ಅದಕ್ಕೆ ಕನ್ನಡದಲ್ಲಿ ಬೇರೆಯೇ ಮಾತಿದೆ, ನಿದ್ದೆಗೆಡುವುದು. ಪರೀಕ್ಷೆಗೆ ನಿದ್ದೆಗೆಟ್ಟು ಓದಿದ, ಮಗುವಿಗೆ ಜ್ವರ ಅಂತ ಅಮ್ಮ ನಿದ್ದೆಗೆಟ್ಟಳು, ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟರು. ಇಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ ಅಂತಲ್ಲ, ಮಲಗಲು ಬಿಡುವಿಲ್ಲ ಅಥವಾ ಮನಸ್ಸಿಲ್ಲ. ಚಾಪೆ ಹಾಸಿಕೊಟ್ಟರೆ ಅಲ್ಲೇ ಗೊರಕೆ ಹೊಡೆಯುತ್ತಾರೆ. ನಿದ್ರಾಹೀನತೆ ಅನ್ನಬೇಕಾದರೆ ಹಾಸಿಗೆ, ಸಮಯ, ಸದ್ದಿಲ್ಲದ ಕೋಣೆ ಎಲ್ಲ ಇದ್ದೂ ನಿದ್ದೆ ಕೈಕೊಡಬೇಕು. ಕೈಕೊಡುವುದು ಮೂರು ಥರ. ಮಲಗಿ ಎಷ್ಟು ಹೊತ್ತಾದರೂ ಕಣ್ಣಿಗೆ ಕಣ್ಣು ಹತ್ತದೇ ಇರುವುದು, ನಡುರಾತ್ರಿ ಪದೇ ಪದೇ ಎಚ್ಚರ ಆಗುವುದು, ಬೆಳಗಿನ ಜಾವ ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು. ಇದು ವಾರಕ್ಕೆ ಕನಿಷ್ಠ 3 ರಾತ್ರಿ, ಕನಿಷ್ಠ 3 ತಿಂಗಳು ನಡೆದು, ಹಗಲಿನ ಕೆಲಸಕ್ಕೂ ಮನಸ್ಸಿಗೂ ತೊಂದರೆ ಕೊಟ್ಟರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಗುರುತಿಸುತ್ತಾರೆ.

ಈಗ 3 ಗಂಟೆಗೆ ಎದ್ದು ಕೂರುವವರ ವಿಷಯ. ಅವರದ್ದು ಎರಡನೇ ಥರ. ಸಿಗರೇಟು ಅದಕ್ಕೆ ಔಷಧಿ ಅಂತ ಅವರು ನಂಬಿದ್ದಾರೆ, ಆದರೆ ಬಹಳ ಸಲ ಕಾರಣವೇ ಅದು.

ತಂಬಾಕಿನಲ್ಲಿರುವ ನಿಕೋಟಿನ್ ಎಚ್ಚರಿಸುವ ವಸ್ತು. ಹೊಗೆ ಎಳೆದ 10-20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಎದೆಬಡಿತ ಜಾಸ್ತಿ ಮಾಡುತ್ತದೆ, ಚುರುಕು ಕೊಡುತ್ತದೆ. ಹಾಗಿದ್ದರೂ ಸೇದಿದವರಿಗೆ ಹಾಯಾಗುವುದು ಯಾಕೆ? ಹಿಂದಿನ ಸಿಗರೇಟಿನ ನಿಕೋಟಿನ್ ಇಳಿಯುತ್ತಾ ಬಂದಂತೆ ಚಡಪಡಿಕೆ, ಸಿಡುಕು ಶುರುವಾಗಿರುತ್ತದೆ. ಹೊಸದು ಆ ಚಡಪಡಿಕೆಯನ್ನು ಅಡಗಿಸುತ್ತದೆ. ಅದನ್ನೇ ಜನ 'ಟೆನ್ಶನ್ ಕಡಿಮೆ ಆಯ್ತು' ಅನ್ನುವುದು. ಆ ಟೆನ್ಶನ್‌ನಲ್ಲಿ ದೊಡ್ಡ ಪಾಲು ಸಿಗರೇಟೇ ತಂದಿಟ್ಟದ್ದು, ಅಲ್ವಾ?

ಲೆಕ್ಕ ಹಾಕಿ ನೋಡಿ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ 11ಕ್ಕೆ ಕೊನೆಯ ಸಿಗರೇಟು. ಮೊದಲ ಸ್ವಲ್ಪ ಹೊತ್ತು ಅದೇ ನಿದ್ದೆಗೆ ಅಡ್ಡ ಬರುತ್ತದೆ, ದಣಿದವರು ಅದನ್ನು ಮೀರಿ ಮಲಗುತ್ತಾರೆ. 1ಕ್ಕೆ ಅರ್ಧ, 3ಕ್ಕೆ ಕಾಲುಭಾಗ. ಹಗಲಲ್ಲಿ ಗಂಟೆಗೊಂದು ಸೇದುವವರು ಇಷ್ಟು ಹೊತ್ತು ಬಿಟ್ಟಿರುವುದೇ ಇಲ್ಲ. ಮಿದುಳು ಕೇಳತೊಡಗುತ್ತದೆ, ನಿದ್ದೆ ತೆಳ್ಳಗಾಗುತ್ತದೆ, ಎಚ್ಚರ ಆಗುತ್ತದೆ. ಆಗ ಎದ್ದು ಬಾಲ್ಕನಿಗೆ ಹೋಗಿ ಹಚ್ಚಿದರೆ ಚಡಪಡಿಕೆ ಅಡಗುತ್ತದೆ ನಿಜ. ಜೊತೆಗೆ ಆ ಹೊತ್ತಿಗೆ ನಿಕೋಟಿನ್ ಬೇಕು ಅನ್ನುವ ಅಭ್ಯಾಸವೂ ಮಿದುಳಿಗೆ ಹತ್ತುತ್ತದೆ. ನಾಳೆ ಮತ್ತೆ ಅದೇ 3 ಗಂಟೆ.

ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಅನ್ನುವುದನ್ನು ವೈದ್ಯರು ಸುಮ್ನೆ ಕೇಳುವುದಿಲ್ಲ. ಚಟದ ಗಟ್ಟಿತನ ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆಯ ಮೊದಲ ಪ್ರಶ್ನೆಯೇ ಅದು, 5 ನಿಮಿಷದೊಳಗೆ ಅಂದವರಿಗೆ ಅಲ್ಲೇ 3 ಅಂಕ. ಇಡೀ ರಾತ್ರಿಯ ನಿಕೋಟಿನ್ ಕೊರತೆ ಅಲ್ಲಿ ಕಾಣುತ್ತದೆ.

"ಇಪ್ಪತ್ತೈದರಲ್ಲೂ ಸೇದುತ್ತಿದ್ದೆ, ಆಗ ಏನೂ ಆಗಿರಲಿಲ್ಲ, ಈಗ ವಯಸ್ಸಾಯ್ತು ಅದಕ್ಕೇ ನಿದ್ದೆ ಕಡಿಮೆ" ಅನ್ನುವ ಮಾತಲ್ಲಿ ಅರ್ಧ ಸತ್ಯ ಇದೆ. ಹರೆಯ ದಾಟಿ ನಡುವಯಸ್ಸಿಗೆ ಬರುವ ಹೊತ್ತಿಗೆ ಗಾಢ ನಿದ್ದೆಯ ಪಾಲು ತಾನಾಗಿಯೇ ಇಳಿದಿರುತ್ತದೆ, ಮುಖ್ಯವಾಗಿ ಗಂಡಸರಲ್ಲಿ. ಸೇದುವವರಲ್ಲಿ ಬೇರೆ ಗಾಢ ನಿದ್ದೆ ಕಡಿಮೆ, ಕೋಳಿನಿದ್ದೆ ಜಾಸ್ತಿ. ಎರಡೂ ಒಂದರ ಮೇಲೊಂದು ಬೀಳುವುದು ನಲವತ್ತರ ನಂತರ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲದ ಮೈಬಿಸಿ, ಬೆವರು ನಿದ್ದೆ ಕೆಡಿಸುತ್ತವೆ, ಸೇದುವವರಲ್ಲಿ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಹಾಗಾಗಿ ವಯಸ್ಸು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ವಯಸ್ಸನ್ನು ಯಾರೂ ಬಿಡಲಾಗುವುದಿಲ್ಲ, ಸಿಗರೇಟನ್ನು ಬಿಡಬಹುದು.

ನಮ್ಮ ಕಡೆ ಇನ್ನೊಂದು ತಪ್ಪಿಸಿಕೊಳ್ಳುವ ದಾರಿ ಇದೆ. "ನಾನು ಸೇದಲ್ಲ, ಬರೀ ಕಡ್ಡಿಪುಡಿ." 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 16.3. ಊಟ ಆದ ಮೇಲೆ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಗಿಟ್ಟುಕೊಂಡರೆ ಅದರಲ್ಲೂ ಇದೇ ನಿಕೋಟಿನ್ ಇದೆ, ನಿಧಾನವಾಗಿ, ತುಂಬಾ ಹೊತ್ತು ರಕ್ತಕ್ಕೆ ಇಳಿಯುತ್ತದೆ. ನಿದ್ದೆಯ ಲೆಕ್ಕದಲ್ಲಿ ಅದಕ್ಕೇನೂ ವಿನಾಯಿತಿ ಇಲ್ಲ.

ಗೊರಕೆಯನ್ನು ನಿದ್ರಾಹೀನತೆಯ ಜೊತೆ ಕಲಸಬೇಡಿ. ಮಲಗಿದಾಗ ಗಂಟಲ ದಾರಿ ಮುಚ್ಚಿ 10 ಸೆಕೆಂಡು, ಅದಕ್ಕಿಂತ ಹೆಚ್ಚು ಉಸಿರು ನಿಲ್ಲುವುದಕ್ಕೆ ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ಅದು ಬೇರೆ ಕಾಯಿಲೆ. ಹೊಗೆಯಿಂದ ಗಂಟಲು ಊದಿಕೊಂಡಿದ್ದರೆ ದಾರಿ ಇನ್ನೂ ಕಿರಿದಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವಯಸ್ಸಿನ ಸರ್ಕಾರಿ ನೌಕರರನ್ನು ರಾತ್ರಿಯಿಡೀ ಮಲಗಿಸಿ ನೋಡಿದರು. 1993ರಲ್ಲಿ ಬಂದ ವರದಿಯ ಪ್ರಕಾರ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಜನರಿಗೆ ಗಂಟೆಗೆ 5 ಸಲವಾದರೂ ಉಸಿರಿಗೆ ಅಡ್ಡಿಯಾಗುತ್ತಿತ್ತು. ಅದೇ ಅಧ್ಯಯನದ 1994ರ ವರದಿಯಲ್ಲಿ ಸೇದುವವರಿಗೆ ಈ ತೊಂದರೆ ಜಾಸ್ತಿ ಎಂದು ಕಂಡಿತು, ಸೇದಿ ಬಿಟ್ಟವರಿಗೆ ಜಾಸ್ತಿ ಇರಲಿಲ್ಲ. ಅಪ್ನಿಯಾ ಇರುವವರಿಗೆ ಹಗಲಲ್ಲಿ ತೂಕಡಿಕೆ. ನಿದ್ರಾಹೀನತೆ ಇರುವವರು ಹಗಲಲ್ಲಿ ಸುಸ್ತಾಗಿದ್ದರೂ ಮಲಗಿದರೆ ನಿದ್ದೆ ಬರುವುದು ಕಡಿಮೆ. ಎರಡಕ್ಕೂ ಒಂದೇ ಹೆಸರಿಟ್ಟು ನಿದ್ದೆ ಮಾತ್ರೆ ನುಂಗುವುದು ಅಪಾಯ. ಆಲ್ಪ್ರಾಜೋಲಮ್ ಥರದ ಮಾತ್ರೆಗಳು ಗಂಟಲ ಸ್ನಾಯುವನ್ನು ಸಡಿಲಿಸಿ ಉಸಿರಿನ ತೊಂದರೆ ಹೆಚ್ಚಿಸಬಹುದು. ದಯವಿಟ್ಟು ಪಕ್ಕದ ಮನೆಯವರ ಚೀಟಿ ತೋರಿಸಿ ತರಬೇಡಿ.

ಬಿಟ್ಟವರ ಕಡೆಯಿಂದ ಬರುವ ದೂರೂ ಒಂದಿದೆ. "ಬಿಟ್ಟ ಮೇಲೇ ನಿದ್ದೆ ಹಾಳಾಯ್ತು." ನಿಜ, ಹಾಳಾಗುತ್ತದೆ. ಮೊದಲ ಕೆಲವು ದಿನ ಜೋರಾಗಿಯೇ, ಎರಡರಿಂದ ನಾಲ್ಕು ವಾರ ಕಾಡಬಹುದು. ಸುಮಾರು ಜನ ಇಲ್ಲೇ ಸೋತು ಪೆಟ್ಟಿಗೆ ಅಂಗಡಿಗೆ ವಾಪಸು ಹೋಗುತ್ತಾರೆ. ಅವರಿಗೆ ಯಾರೂ ಹೇಳದ ಇನ್ನೊಂದು ಕಾರಣ ಕಾಫಿ. ಹೊಗೆಯ ಟಾರಿನಲ್ಲಿರುವ ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿಟ್ಟಿರುತ್ತವೆ, ಅದು ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವ ಮನುಷ್ಯ ಅಷ್ಟೇ ಕುಡಿಯುತ್ತಾ ಹೋದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಉಳಿಯುತ್ತದೆ. ಎದೆ ಡವಗುಟ್ಟುವುದು, ಮಗ್ಗಲು ಬದಲಿಸುತ್ತಾ ಬೆಳಗಾಗುವುದು, ಎಲ್ಲವನ್ನೂ ಸಿಗರೇಟು ಬಿಟ್ಟದ್ದರ ಮೇಲೆ ಹಾಕುತ್ತಾನೆ. ಬಿಡುವ ದಿನವೇ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಸಿಗರೇಟು ಬಿಡಲು ಚರ್ಮಕ್ಕೆ ನಿಕೋಟಿನ್ ಪಟ್ಟಿ (ಪ್ಯಾಚ್) ಅಂಟಿಸಿಕೊಳ್ಳುವವರಿಗೂ ಇದು ಅನ್ವಯ, ಯಾಕೆಂದರೆ ಕಿಣ್ವವನ್ನು ಚುರುಕು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. 24 ಗಂಟೆಯ ಪಟ್ಟಿಯಿಂದ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವ ಮೊದಲು ತೆಗೆಯಬಹುದೇ ಅಂತ ವೈದ್ಯರನ್ನು ಕೇಳಿ.

ವೈದ್ಯರ ಹತ್ತಿರ ಹೋದಾಗ ನಿದ್ರಾಹೀನತೆ ಅನ್ನುವ ಪದವನ್ನು ಪಕ್ಕಕ್ಕಿಡಿ. ಎಷ್ಟಕ್ಕೆ ಮಲಗುತ್ತೀರಿ, ನಿದ್ದೆ ಹತ್ತಲು ಎಷ್ಟು ಹೊತ್ತು, ಎಷ್ಟು ಸಲ ಎಚ್ಚರ, ಎಚ್ಚರವಾದಾಗ ಸೇದುತ್ತೀರಾ, ಕೊನೆಯದು ಯಾವಾಗ, ಬೆಳಗಿನ ಮೊದಲನೆಯದು ಯಾವಾಗ, ಇಷ್ಟು ಹೇಳಿ. ಉಸಿರು ನಿಲ್ಲುವುದು ಮಲಗಿದವರಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಬಿಡಲು ಸಹಾಯ ಬೇಕಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಆ ಸಹಾಯವಾಣಿಯ ಕೇಂದ್ರಗಳಲ್ಲೊಂದು, ಕನ್ನಡದಲ್ಲೇ ಮಾತಾಡುತ್ತಾರೆ.