ಒಪ್ಪಿಗೆ ಪತ್ರದ ಹಿಂದಿನ ಜಗಳ

ಆಪರೇಷನ್‌ಗೆ ಮುಂಚೆ ಒಂದು ಫಾರಂ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಓದುವವರು ಕಡಿಮೆ. ಆ ಕಾಗದ ಸುಮ್ನೆ ಹುಟ್ಟಿದ್ದಲ್ಲ, ಅದರ ಹಿಂದೆ ನೂರು ವರ್ಷದ ಜಗಳವಿದೆ.

ಮುಂದೇನಾಗಬಹುದು ಎಂಬುದನ್ನು ರೋಗಿಯಿಂದ ಆದಷ್ಟು ಮುಚ್ಚಿಡಿ ಎಂದು ಹಳೆಯ ಗ್ರೀಕ್ ವೈದ್ಯರು ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಹೆದರಿದರೆ ರೋಗಿ ಇನ್ನಷ್ಟು ಕುಗ್ಗುತ್ತಾನೆ ಎಂಬ ಲೆಕ್ಕ ಅದು. ಈ ಲೆಕ್ಕಕ್ಕೆ ಆಯಸ್ಸು ಜಾಸ್ತಿ. 1961ರಲ್ಲಿ ಷಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ಕೇಳಿದಾಗ, ಸುಮಾರು ಶೇ 90ರಷ್ಟು ಮಂದಿ ಕ್ಯಾನ್ಸರ್ ಇದ್ದರೂ ರೋಗಿಗೆ ಹೇಳದಿರುವುದೇ ಮೇಲು ಎಂದಿದ್ದರು. 1979ರಲ್ಲಿ ಅಮೆರಿಕದ ಬೇರೆ ವೈದ್ಯರಿಗೆ ಅವೇ ಪ್ರಶ್ನೆಗಳನ್ನು ಹಾಕಿದರು. ಈ ಸಲ ಶೇ 97ರಷ್ಟು ಮಂದಿ ಹೇಳುತ್ತೇವೆ ಎಂದರು.

ನಡುವೆ ಚಿಕಿತ್ಸೆಗಳು ಸುಧಾರಿಸಿದ್ದವು, ನಿಜ. ಕೋರ್ಟುಗಳು ಒತ್ತಿದ್ದೂ ಅಷ್ಟೇ ಮುಖ್ಯ.

1914ರ ನ್ಯೂಯಾರ್ಕ್ ಪ್ರಕರಣ ನೋಡಿ. ಪರೀಕ್ಷೆ ಮಾಡಿ, ಆಪರೇಷನ್ ಮಾತ್ರ ಬೇಡ ಎಂದಿದ್ದ ಮಹಿಳೆಯ ಗಡ್ಡೆಯನ್ನು, ಪ್ರಜ್ಞೆ ತಪ್ಪಿಸಿದ್ದಾಗಲೇ ತೆಗೆದುಬಿಟ್ಟಿದ್ದರು. ತನ್ನ ಮೈಗೆ ಏನಾಗಬೇಕೆಂದು ತೀರ್ಮಾನಿಸುವ ಹಕ್ಕು ಬುದ್ಧಿ ಸ್ಥಿಮಿತದಲ್ಲಿರುವ ಪ್ರತಿ ವಯಸ್ಕರಿಗೂ ಇದೆ ಎಂದು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಬರೆದರು. ಇಂದಿಗೂ ಎಲ್ಲರೂ ಎತ್ತಿ ಹೇಳುವ ತೀರ್ಪು ಅದು. ತಮಾಷೆಯೆಂದರೆ, ಕೇಸು ಸೋತದ್ದು ಆಕೆಯೇ! ಅದು ಧರ್ಮಾರ್ಥ ಆಸ್ಪತ್ರೆ, ಆದ್ದರಿಂದ ಹೊಣೆಯಿಲ್ಲ ಎಂದಾಯಿತು.

ಆಗ ಪ್ರಶ್ನೆ ಇದ್ದದ್ದು ‘ಒಪ್ಪಿದರಾ, ಇಲ್ಲವಾ’ ಎಂಬಷ್ಟೇ. ಏನು ತಿಳಿದು ಒಪ್ಪಿದರು ಎಂದು ಕೇಳಲು 1957 ಬರಬೇಕಾಯಿತು. ರಕ್ತನಾಳದ ಒಂದು ಪರೀಕ್ಷೆಯಾದ ಮೇಲೆ ಕಾಲಿನ ಸ್ವಾಧೀನ ಕಳೆದುಕೊಂಡವರೊಬ್ಬರ ಕೇಸಿನಲ್ಲಿ, ಅಪಾಯವನ್ನೂ ತಿಳಿಸಬೇಕು ಎಂದು ಕ್ಯಾಲಿಫೋರ್ನಿಯಾದ ಕೋರ್ಟು ಹೇಳಿತು. 1972ರಲ್ಲಿ ಅಮೆರಿಕದ ಟಸ್ಕೆಗೀ ಎಂಬ ಊರಿನ ಹಗರಣ ಹೊರಬಿತ್ತು. ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ ನೂರಾರು ಕಪ್ಪು ಜನರನ್ನು, ಪೆನಿಸಿಲಿನ್ ಬಂದ ಮೇಲೂ ಮದ್ದು ಕೊಡದೆ, ಕಾಯಿಲೆಯ ಹೆಸರೂ ಹೇಳದೆ, 40 ವರ್ಷ ಸರ್ಕಾರಿ ಸಂಶೋಧಕರು ಸುಮ್ಮನೆ ಗಮನಿಸುತ್ತಿದ್ದರು. ಆಮೇಲೆ ‘ನಮ್ಮನ್ನು ನಂಬಿ’ ಎಂಬ ಮಾತು ಮೊದಲಿನಷ್ಟು ನಡೆಯಲಿಲ್ಲ.

ಎಷ್ಟು ಹೇಳಿದರೆ ಸಾಕು? ಬೇರೆ ವೈದ್ಯರು ಎಷ್ಟು ಹೇಳುತ್ತಾರೋ ಅಷ್ಟು ಎಂಬುದು ಬ್ರಿಟನ್ನಿನ ಹಳೆಯ ಅಳತೆ. ಹೆರಿಗೆಯ ಅಪಾಯ ತಿಳಿಸದಿದ್ದ ಪ್ರಕರಣವೊಂದರಲ್ಲಿ, 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಬದಲಿಸಿತು. ಎದುರಿಗಿರುವ ಈ ರೋಗಿಗೆ ಯಾವುದು ಮುಖ್ಯವೋ ಅದನ್ನು ಹೇಳಬೇಕು. ಬೇರೆ ದಾರಿಗಳಿದ್ದರೆ ಅವನ್ನೂ ಹೇಳಬೇಕು.

ಈಗಿನ ತೊಡಕು ಮುಚ್ಚಿಡುವುದಲ್ಲ, ಹೇಳುವ ರೀತಿ. ‘ಈ ಮಾತ್ರೆಯಿಂದ ಅಪಾಯ ಅರ್ಧಕ್ಕಿಳಿಯುತ್ತದೆ’ ಅಂದರೆ ಯಾರಾದರೂ ಒಪ್ಪುತ್ತಾರೆ, ಅಲ್ವಾ? ಸಾವಿರಕ್ಕೆ ಇಬ್ಬರಿಗೆ ಬರುತ್ತಿದ್ದದ್ದು ಒಬ್ಬರಿಗೆ ಇಳಿದರೂ ಅದು ಅರ್ಧವೇ. 200ರಿಂದ 100ಕ್ಕೆ ಇಳಿದರೂ ಅರ್ಧವೇ. ಹಾಗಾಗಿ ಸಹಿ ಹಾಕುವ ಮುಂಚೆ ಕೇಳಬೇಕಾದ್ದು: ಎಷ್ಟು ಜನರಲ್ಲಿ ಎಷ್ಟು ಮಂದಿಗೆ? ಏನೂ ಮಾಡದೆ ಸ್ವಲ್ಪ ದಿನ ಕಾದರೆ ಏನಾಗುತ್ತದೆ?